ಕಿನಾಶಿಯ ಪೈನ್ ಬೋನ್ಸಾಯ್: ಚಳಿಗಾಲದ ಕತ್ತರಿ ಪಾಠ

ಬೋನ್ಸಾಯ್ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರುವುದು ಪೇಟೆಯ ಬಂಗಲೆ, ಅಲ್ಲಿನ ಚಾವಡಿಯ ಮೇಜು, ಮೇಜಿನ ಮೇಲೊಂದು ಪುಟ್ಟ ಗಿಡ. ‘ಅದು ಹಣ ಇದ್ದವರ ಶೋಕಿ, ಕೃಷಿಕರಿಗೆ ಅದರಿಂದ ಏನಾಗಬೇಕು?’ ಎಂದು ಕೇಳುವವರೇ ಜಾಸ್ತಿ. ಜಪಾನಿನ ಕಿನಾಶಿಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಅಲ್ಲಿ ಬೋನ್ಸಾಯ್ ಹೊಲದ ಬೆಳೆ. ಒಂದು ಗದ್ದೆಯಲ್ಲಿ ಭತ್ತದ ಕೂಳೆ, ಪಕ್ಕದ ಗದ್ದೆಯಲ್ಲಿ ಸಾಲು ಸಾಲು ಪೈನ್. ಬೆಳೆಯುವವರು ನಮ್ಮ ಹಾಗೆ ಸಣ್ಣ ಹಿಡುವಳಿಯವರು. ಮನೆಮಂದಿಯೇ ಆಳುಗಳು.

ಕೃಷಿ ತರಬೇತಿಗೆಂದು ಹೋದ ನಾನು 2018-19ರ ಚಳಿಗಾಲವನ್ನು ಆ ಸೀಮೆಯಲ್ಲಿ ಕಳೆದೆ. ಒಬ್ಬ ಹಿರಿಯ ಬೆಳೆಗಾರರ ಜತೆ ಕತ್ತರಿ, ಚಿಮಟ ಹಿಡಿದು ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರಿಗೆ 70 ದಾಟಿತ್ತು. ಮಾತು ಕಮ್ಮಿ. ಊರಲ್ಲಾಗಿದ್ದರೆ ‘ಅಜ್ಜ’ ಅನ್ನುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಪೈನ್ ನಮ್ಮ ಬೆಳೆಯಲ್ಲ, ನಿಜ. ಆದರೆ ಗೆಲ್ಲು ಸವರುವ ಕೆಲಸ ನಮ್ಮ ಎಲ್ಲರ ತೋಟದಲ್ಲೂ ಇದೆ. ಆ ಕೆಲಸದ ಹಿಂದಿನ ಲೆಕ್ಕಾಚಾರವನ್ನು ಪೈನಿನಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಇನ್ನೊಂದು ಮರವನ್ನು ನಾನು ಕಂಡಿಲ್ಲ.

ಊರು, ಮಣ್ಣು, ಮಳೆ

ಶಿಕೋಕು ದ್ವೀಪದ ಕಗಾವಾ ಪ್ರಾಂತ್ಯದಲ್ಲಿ ತಕಮಾತ್ಸು ನಗರ. ಅದರ ಪಶ್ಚಿಮಕ್ಕೆ ಕಿನಾಶಿ, ಪಕ್ಕದಲ್ಲೇ ಕೊಕುಬುಂಜಿ. ಜಪಾನಿನ ಪೈನ್ ಬೋನ್ಸಾಯ್‌ಗಳಲ್ಲಿ ಶೇಕಡಾ 80ರಷ್ಟು ಈ ಎರಡು ಕಡೆಯಿಂದ ಬರುತ್ತದೆ ಎಂಬುದು ಅಲ್ಲಿನ ಲೆಕ್ಕ. ಕಸುಬಿಗೆ ಸುಮಾರು 200 ವರ್ಷದ ಇತಿಹಾಸ. ಸೆಟೊ ಒಳಸಮುದ್ರದ ದಡದಲ್ಲಿ ತಾನಾಗಿ ಹುಟ್ಟಿದ ಪೈನ್ ಗಿಡಗಳನ್ನು ಅಗೆದು ತಂದು ಕುಂಡಕ್ಕೆ ಹಾಕಿ ಮಾರಿದ್ದು ಆರಂಭ. ಆಮೇಲೆ ಬೀಜ ಹಾಕಿ ಗದ್ದೆಯಲ್ಲೇ ಬೆಳೆಸತೊಡಗಿದರು.

ಮಳೆ ವರ್ಷಕ್ಕೆ 1,100 ಮಿ.ಮೀ. ಆಸುಪಾಸು. ನಮ್ಮ ಕರಾವಳಿಯ ಜುಲೈ ಒಂದೇ ತಿಂಗಳ ಮಳೆ ಅಂದುಕೊಳ್ಳಿ! ನೀರು ಸಾಲದ್ದಕ್ಕೆ ಹಿಂದಿನವರು ತೋಡಿದ ಕೆರೆಗಳು ಪ್ರಾಂತ್ಯದಲ್ಲಿ 10 ಸಾವಿರಕ್ಕೂ ಮೇಲೆ. ಮಣ್ಣು ಗ್ರಾನೈಟ್ ಕಲ್ಲು ಪುಡಿಯಾಗಿ ಆದ ಮರಳು ಮಣ್ಣು. ನೀರು ನಿಲ್ಲುವುದಿಲ್ಲ. ಬಿಸಿಲು ಧಾರಾಳ. ಚಳಿ ಇದೆ, ಆದರೆ ಮರ ಕೊಲ್ಲುವಷ್ಟಿಲ್ಲ. ಬೇರು ಒದ್ದೆಯಾಗಿ ಕೂತರೆ ಸೊರಗುವ ಪೈನಿಗೆ ಹೇಳಿ ಮಾಡಿಸಿದ ಜಾಗ.

ಮುಖ್ಯ ಬೆಳೆ ಕುರೊಮಾತ್ಸು, ಅಂದರೆ ಕರಿ ಪೈನ್. ತೊಗಟೆ ಕಪ್ಪು, ಒರಟು. ಸೂಜಿಯಂಥ ಎಲೆ ಎರಡೆರಡು ಜತೆಯಾಗಿ ಬರುತ್ತದೆ. ಐದೈದು ಎಲೆ ಒಟ್ಟಿಗಿರುವ ಗೊಯೊಮಾತ್ಸು ಎಂಬ ಜಾತಿಯೂ ಉಂಟು. ಬಿರುಕು ಬಿರುಕಾಗಿ ಬೆಂಡಿನಂತೆ ದಪ್ಪ ತೊಗಟೆ ಬರುವ ನಿಶಿಕಿಮಾತ್ಸು ಕರಿ ಪೈನಿನದ್ದೇ ಒಂದು ತಳಿ. ಅದನ್ನು ಕಸಿ ಕಟ್ಟಿ ಬೆಳೆಸುತ್ತಾರೆ. ಇಲ್ಲಿ ಹೇಳುವುದೆಲ್ಲ ಕರಿ ಪೈನಿಗೆ.

ಮೊದಲು ಮರದ ಗುಣ ತಿಳಿಯಬೇಕು

ಅಡಿಕೆಯ ತಲೆ ಕಡಿದರೆ ಏನಾಗುತ್ತದೆ? ಮರ ಸತ್ತಿತು. ಇರುವುದು ಒಂದೇ ಕುಡಿ. ಮಾವಿನ ಗೆಲ್ಲು ಕಡಿದರೆ? ಬರಿ ಬೊಡ್ಡೆಯಿಂದಲೂ ಚಿಗುರುತ್ತದೆ. ಕಾಫಿ ಗಿಡವನ್ನು ಬುಡದಲ್ಲೇ ಕಡಿದರೂ ಹೊಸ ಕಾಂಡ ಏಳುತ್ತದೆ.

ಪೈನ್ ಇವೆರಡರ ನಡುವಿನದ್ದು. ಗೆಲ್ಲಿನಲ್ಲಿ ಹಸಿರು ಸೂಜಿ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಮಾತ್ರ ಚಿಗುರುವ ಶಕ್ತಿ. ಪ್ರತಿ ಜೋಡಿ ಸೂಜಿಯ ಬುಡದಲ್ಲಿ ಕಾಗದದಂಥ ತೆಳು ಹೊದಿಕೆ, ಅದರೊಳಗೆ ಎರಡು ಸೂಜಿಯ ಮಧ್ಯೆ ಕಣ್ಣಿಗೆ ಕಾಣದಷ್ಟು ಸಣ್ಣ ಮೊಳಕೆ ಮಲಗಿರುತ್ತದೆ. ಸೂಜಿ ಉದುರಿ ಬೋಳಾದ ಹಳೆ ಗೆಲ್ಲಿನಿಂದ ಚಿಗುರು ಬರುವುದು ಬಹಳ ಅಪರೂಪ. ಹಸಿರು ಪೂರ್ತಿ ಕಡಿದು ಬೋಳು ಗೆಲ್ಲು ಉಳಿಸಿದಿರೋ, ಆ ಗೆಲ್ಲು ಒಣಗಿತು.

ಎರಡನೆಯ ಗುಣ: ಮರದ ಬಲವೆಲ್ಲ ನೆತ್ತಿಗೆ ಮತ್ತು ಗೆಲ್ಲಿನ ತುದಿಗೆ ಓಡುತ್ತದೆ. ಬಿಟ್ಟರೆ ಮೇಲಿನದ್ದು ದಪ್ಪವಾಗಿ ಕೆಳಗಿನದಕ್ಕೆ ನೆರಳು ಹಾಕುತ್ತದೆ. ನೆರಳಿಗೆ ಬಿದ್ದ ಕೆಳಗೆಲ್ಲು ಸೊರಗಿ, ಬೋಳಾಗಿ, ಸಾಯುತ್ತದೆ. ಕಾಡಿನ ಮರಕ್ಕೆ ಇದರಿಂದ ನಷ್ಟವಿಲ್ಲ. ಬೋನ್ಸಾಯ್ ಬೆಳೆಗಾರನಿಗೆ ಕೆಳಗೆಲ್ಲು ಹೋದರೆ ಮರದ ಬೆಲೆಯೇ ಹೋಯಿತು. 20 ವರ್ಷ ಸಾಕಿದ ಮರದ ಮೊದಲ ಗೆಲ್ಲು ಒಣಗಿದರೆ ಮತ್ತೊಂದನ್ನು ಅದೇ ಜಾಗದಲ್ಲಿ ತರಿಸುವುದು ಸುಲಭವಲ್ಲ. ಅಡಿಕೆಯಲ್ಲಾದರೆ ಒಂದು ವರ್ಷದ ಫಸಲು ಹೋದರೂ ಮುಂದಿನ ವರ್ಷದ ಆಸೆ ಇರುತ್ತದೆ. ಇಲ್ಲಿ ಹೋಗುವುದು 20 ವರ್ಷ.

ಈ ಎರಡು ಗುಣಗಳಿಂದ ಒಂದೇ ನಿಯಮ ಹುಟ್ಟುತ್ತದೆ: ಬಲ ಇದ್ದಲ್ಲಿ ತೆಗೆ, ಸೊರಗಿದಲ್ಲಿ ಬಿಡು. ಅಜ್ಜ ಬೆರಳಿನಲ್ಲಿ ನೆತ್ತಿ ತೋರಿಸಿ ಕತ್ತರಿಯ ಸನ್ನೆ ಮಾಡುತ್ತಿದ್ದರು. ಕೆಳಗೆಲ್ಲು ತೋರಿಸಿ ಕೈ ಹಿಂದೆಗೆಯುತ್ತಿದ್ದರು. ಭಾಷೆ ಬಾರದ ನನಗೆ ಅಷ್ಟು ಸಾಕಾಯಿತು.

ನಾವು ಮಾಡುವುದು ಹೆಚ್ಚಾಗಿ ಉಲ್ಟಾ. ಸೊರಗಿದ ಗೆಲ್ಲು ಕಂಡರೆ ‘ಇದು ಪ್ರಯೋಜನ ಇಲ್ಲ’ ಎಂದು ಕಡಿಯುತ್ತೇವೆ, ಕೊಬ್ಬಿದ್ದನ್ನು ಬಿಡುತ್ತೇವೆ. ಪೈನಿನಲ್ಲಿ ಹಾಗೆ ಮಾಡಿದರೆ ನಾಲ್ಕೈದು ವರ್ಷದಲ್ಲಿ ಉಳಿಯುವುದು ಉದ್ದ ಕೋಲು, ಮೇಲೊಂದು ಪೊರಕೆ.

ಚಳಿಗಾಲವೇ ಯಾಕೆ?

ಕೆಲಸ ನವೆಂಬರ್‌ನಿಂದ ಫೆಬ್ರವರಿವರೆಗೆ. ಮೂರು ಕಾರಣ.

ಒಂದು, ಆಗ ಅಂಟು ಒಸರುವುದು ಕಮ್ಮಿ. ಬೇಸಿಗೆಯಲ್ಲಿ ಗೆಲ್ಲು ಕಡಿದರೆ ಗಾಯದಿಂದ ಅಂಟು ಸುರಿಯುತ್ತದೆ.

ಎರಡು, ಬೆಳವಣಿಗೆಯ ಕಾಲದಲ್ಲಿ ತೊಗಟೆ ಮತ್ತು ಮರದ ನಡುವಿನ ಪದರ ರಸ ತುಂಬಿ ಸಡಿಲವಾಗಿರುತ್ತದೆ. ಕಣ್ಣು ಕಸಿ ಮಾಡುವವರಿಗೆ ಇದು ಗೊತ್ತು. ತೊಗಟೆ ಸಲೀಸಾಗಿ ಏಳುವ ಕಾಲ ಅದು. ಆ ಹೊತ್ತಿನಲ್ಲಿ ಗೆಲ್ಲು ತಿರುಚಿದರೆ ತೊಗಟೆ ಒಳಗೇ ಕಳಚಿಕೊಂಡು ಗೆಲ್ಲು ಸಾಯಬಹುದು. ಚಳಿಯಲ್ಲಿ ಎರಡೂ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಬಗ್ಗಿಸಲು ಅದೇ ಸಮಯ.

ಮೂರು, ಮುಂದಿನ ವಸಂತದ ಮೊಳಕೆಗಳು ಆಗಲೇ ತಯಾರಾಗಿ ಕೂತಿರುತ್ತವೆ. ಯಾವುದು ದಪ್ಪ, ಯಾವುದು ಸಪೂರ ಎಂದು ಕಣ್ಣಿಗೆ ಕಾಣುತ್ತದೆ. ಬಲದ ಲೆಕ್ಕ ಹಾಕಲು ಇದಕ್ಕಿಂತ ಒಳ್ಳೆ ಹೊತ್ತಿಲ್ಲ.

ಇನ್ನೊಂದು ಕಾರಣವೂ ಇದೆ. ಭತ್ತದ ಕೆಲಸ ಮುಗಿದು ಮನೆಮಂದಿಯ ಕೈ ಬಿಡುವಾಗಿರುವುದೂ ಆಗಲೇ!

ಕೆಲಸ 1: ನೋಡುವುದು

ಮರವನ್ನು ಕಣ್ಣಿನ ಮಟ್ಟಕ್ಕೆ ಎತ್ತರಿಸಿ ಇಡಬೇಕು. ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಬುಡದ ಬೇರು ಎಲ್ಲಿ ಚೆನ್ನಾಗಿ ಹರಡಿದೆ, ಕಾಂಡ ಎತ್ತ ಬಾಗಿದೆ ನೋಡಿ ಮರದ ‘ಮುಖ’ ಯಾವುದೆಂದು ತೀರ್ಮಾನ. ಬುಡದಲ್ಲಿ ಬಿದ್ದ ಒಣ ಸೂಜಿ, ಪಾಚಿ, ಕಸ ತೆಗೆಯಬೇಕು. ಅಜ್ಜ ಒಂದೊಂದು ಮರಕ್ಕೂ ಕಾಲು ಗಂಟೆ ಸುಮ್ಮನೆ ಕೂರುತ್ತಿದ್ದರು. ಕತ್ತರಿ ಆಗ ಅವರ ಕೈಯಲ್ಲಿ ಇರುತ್ತಿರಲಿಲ್ಲ.

ಕೆಲಸ 2: ಹಳೆ ಸೂಜಿ ತೆಗೆಯುವುದು

ಇದನ್ನು ಮೊಮಿಆಗೆ ಎನ್ನುತ್ತಾರೆ. ಹಿಂದಿನ ವರ್ಷದ ಸೂಜಿಗಳನ್ನು ಪೂರ್ತಿ ತೆಗೆಯುತ್ತಾರೆ. ಈ ವರ್ಷದ ಸೂಜಿಯಲ್ಲೂ ಬಲ ನೋಡಿ ಒಂದಷ್ಟನ್ನು ಕಮ್ಮಿ ಮಾಡುತ್ತಾರೆ. ನನಗೆ ಕೊಟ್ಟ ಲೆಕ್ಕ ಹೀಗಿತ್ತು:

ನೆತ್ತಿಯ ಬಲವಾದ ಕುಡಿಗಳಲ್ಲಿ ತಲಾ 5 ಜತೆ ಸೂಜಿ ಉಳಿಸಿ.
ನಡುವಿನ ಗೆಲ್ಲುಗಳಲ್ಲಿ 7 ಜತೆ.
ಕೆಳಗಿನ ಸೊರಗಿದವುಗಳಲ್ಲಿ 10 ಜತೆ, ಅಥವಾ ಇದ್ದಷ್ಟೂ ಬಿಡಿ.

ಇದು ಅಳತೆಗೋಲು ಮಾತ್ರ. ಮರ ನೋಡಿ ಒಂದೆರಡು ಹೆಚ್ಚು ಕಮ್ಮಿ ಮಾಡಬಹುದು. ಸೂಜಿ ಎಂದರೆ ಅಡುಗೆಮನೆ. ನೆತ್ತಿಯ ಅಡುಗೆಮನೆ ಸಣ್ಣದು ಮಾಡಿದರೆ ಅಲ್ಲಿಯ ಮೊಳಕೆ ಹದಕ್ಕೆ ಬರುತ್ತದೆ. ಕೆಳಗೆ ಜಾಸ್ತಿ ಬಿಟ್ಟರೆ ಅಲ್ಲಿಯದ್ದು ದಪ್ಪವಾಗುತ್ತದೆ. ಮೇಲೆ ತೆಳುವಾದ್ದರಿಂದ ಬಿಸಿಲೂ ಕೆಳಗೆ ಇಳಿಯುತ್ತದೆ. ಒಳಗಿನ ಮಲಗಿದ ಮೊಳಕೆ ಎಚ್ಚರವಾಗಲು ಆ ಬಿಸಿಲು ಬೇಕೇಬೇಕು.

ಕೀಳುವ ಕ್ರಮ: ಎಡಗೈಯಲ್ಲಿ ಗೆಲ್ಲಿನ ತುದಿ ಹಿಡಿಯಿರಿ. ಬಲಗೈಯಲ್ಲಿ ಚಿಮಟದಿಂದ ಒಂದೊಂದೇ ಜತೆಯನ್ನು, ಸೂಜಿ ಬೆಳೆದ ದಿಕ್ಕಿಗೇ ಎಳೆಯಿರಿ. ಹಿಂದಕ್ಕೆ ಎಳೆದರೆ ತೊಗಟೆ ಸಿಗಿದು ಬರುತ್ತದೆ. ಎಳೆಯ ಚಿಗುರು ಬರಬೇಕೆಂದಿರುವ ಜಾಗದಲ್ಲಿ ಕೀಳುವುದೇ ಬೇಡ. ಬುಡದ ಹೊದಿಕೆ ಉಳಿಸಿ ಸೂಜಿಯನ್ನು ಕತ್ತರಿಸಿದರಾಯಿತು. ಒಳಗಿನ ಮೊಳಕೆಗೆ ಪೆಟ್ಟಾಗುವುದಿಲ್ಲ.

ತುಂಬಾ ತಾಳ್ಮೆಯ ಕೆಲಸ. ಎರಡಡಿಯ ಒಂದು ಹಳೆ ಮರಕ್ಕೆ ನನಗೆ ಇಡೀ ದಿನ ಹಿಡಿಯಿತು. ಅಡಿಕೆ ಸುಲಿದು ಅಭ್ಯಾಸ ಇದ್ದ ಕಾರಣ ಕೂರುವುದು ಕಷ್ಟವಾಗಲಿಲ್ಲ.

ಕೆಲಸ 3: ಎರಡೇ ಮೊಳಕೆ ಉಳಿಸುವುದು

ಒಂದು ತುದಿಯಲ್ಲಿ ಮೂರು, ನಾಲ್ಕು, ಕೆಲವೊಮ್ಮೆ ಐದು ಮೊಳಕೆ ಗುಂಪಾಗಿ ಇರುತ್ತದೆ. ಎಲ್ಲವನ್ನೂ ಬಿಟ್ಟರೆ ಆ ಜಾಗ ಗಂಟು ಕಟ್ಟಿ ಊದುತ್ತದೆ. ಎರಡು ಮಾತ್ರ ಉಳಿಸಬೇಕು. ಮೇಲಕ್ಕೆ ನೆಟ್ಟಗೆ ಎದ್ದದ್ದು, ಕೆಳಕ್ಕೆ ತೂಗಿದ್ದು ಬೇಡ. ಎಡಕ್ಕೊಂದು, ಬಲಕ್ಕೊಂದು, ಹೆಚ್ಚು ಕಮ್ಮಿ ಒಂದೇ ಗಾತ್ರದವು ಇರಲಿ. ನೆತ್ತಿಯಲ್ಲಾದರೆ ಇರುವುದರಲ್ಲಿ ಸಪೂರದ ಎರಡು. ಕೆಳಗಾದರೆ ದಪ್ಪದ ಎರಡು. ಇಲ್ಲೂ ಅದೇ ನಿಯಮ.

ಕೆಲಸ 4: ಗೆಲ್ಲು ಸವರುವುದು

ಸೂಜಿ, ಮೊಳಕೆ ತೆಳುವಾದ ಮೇಲೆ ಮರದ ಅಸ್ಥಿಪಂಜರ ಕಾಣುತ್ತದೆ. ಆಗ ಕತ್ತರಿ. ತೆಗೆಯಬೇಕಾದ್ದು ಇಷ್ಟು:

ಚಕ್ರದ ಅರೆಗಳ ಹಾಗೆ ಒಂದೇ ಜಾಗದಿಂದ ಹೊರಟ ಹಲವು ಗೆಲ್ಲು. ಒಂದೋ ಎರಡೋ ಇಟ್ಟು ಉಳಿದದ್ದು ತೆಗೆಯಿರಿ.
ಕಾಂಡದ ಎರಡೂ ಬದಿಗೆ ಒಂದೇ ಎತ್ತರದಲ್ಲಿ, ನೊಗದಂತೆ ಚಾಚಿದ್ದರಲ್ಲಿ ಒಂದು.
ಬಾಗಿದ ಕಾಂಡದ ಒಳಮೈಯಿಂದ ಹೊರಟದ್ದು. ಗೆಲ್ಲು ಯಾವಾಗಲೂ ಬಾಗಿನ ಹೊರಮೈಯಲ್ಲಿ ಇದ್ದರೆ ಚೆಂದ.
ಇನ್ನೊಂದನ್ನು ಅಡ್ಡ ಹಾಯ್ದದ್ದು, ನೆಟ್ಟಗೆ ಆಕಾಶ ನೋಡುವುದು.

ಉಳಿಯಬೇಕಾದ ಗೆಲ್ಲುಗಳ ಲೆಕ್ಕವೂ ಇದೆ. ಮರದ ಎತ್ತರದ ಮೂರರಲ್ಲೊಂದು ಭಾಗದ ಆಸುಪಾಸಿನಲ್ಲಿ ಮೊದಲ ಗೆಲ್ಲು, ಅದೇ ಎಲ್ಲಕ್ಕಿಂತ ದಪ್ಪ. ಮುಂದಿನದ್ದು ಇನ್ನೊಂದು ಬದಿಗೆ, ಅದರ ನಂತರದ್ದು ಹಿಂದಕ್ಕೆ. ಮೇಲೆ ಹೋದಂತೆ ಗೆಲ್ಲು ಸಪೂರ, ನಡುವಿನ ಅಂತರವೂ ಕಮ್ಮಿ. ಒಂದು ಇನ್ನೊಂದರ ತಲೆ ಮೇಲೆ ಬರಬಾರದು. ಇದನ್ನು ಚೆಂದಕ್ಕೆಂದು ಹೇಳಿದರೂ ಒಳಗಿರುವುದು ಬೆಳಕಿನ ಲೆಕ್ಕವೇ.

ದಪ್ಪ ಗೆಲ್ಲನ್ನು ಕಾಂಡಕ್ಕೆ ಸಮವಾಗಿ ಒಮ್ಮೆಲೇ ಕಡಿಯುವುದಿಲ್ಲ. ತುಂಡು ಉಳಿಸಿ ಕಡಿದು, ಅದು ಒಣಗಿದ ಮೇಲೆ ಸರಿಪಡಿಸುತ್ತಾರೆ. ಕೆಲವೊಮ್ಮೆ ಆ ತುಂಡಿನ ತೊಗಟೆ ಸುಲಿದು ಬಿಳಿ ಕೊರಡಾಗಿ ಹಾಗೆಯೇ ಇಡುತ್ತಾರೆ. ಸಿಡಿಲು ಬಡಿದ ಹಳೆ ಮರದ ನೋಟ ಬರುತ್ತದೆ. ಗಾಯಕ್ಕೆ ಮುಲಾಮು ಮೆತ್ತುತ್ತಾರೆ. ಕತ್ತರಿಗೆ ಮೆತ್ತಿದ ಅಂಟನ್ನು ಆಗಾಗ ಎಣ್ಣೆ ಬಟ್ಟೆಯಲ್ಲಿ ಒರೆಸಬೇಕು; ಮೊಂಡು ಕತ್ತರಿ ಕಡಿಯುವುದಿಲ್ಲ, ಜಜ್ಜುತ್ತದೆ.

ಕೆಲಸ 5: ತಂತಿ ಸುತ್ತಿ ಬಗ್ಗಿಸುವುದು

ತಾಮ್ರದ ತಂತಿಯನ್ನು ಬೈಹುಲ್ಲಿನ ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿಕೊಳ್ಳುತ್ತಾರೆ. ಒಮ್ಮೆ ಬಗ್ಗಿಸಿದ ಮೇಲೆ ತಾಮ್ರ ಗಟ್ಟಿಯಾಗಿ ನಿಲ್ಲುತ್ತದೆ. ಕಲಿಯುವವರಿಗೆ ಅಲ್ಯೂಮಿನಿಯಂ ಸುಲಭ.

ತಂತಿಯ ದಪ್ಪ ಗೆಲ್ಲಿನ ಮೂರರಲ್ಲೊಂದು ಪಾಲು. ಸುತ್ತು 45 ಡಿಗ್ರಿ ಓರೆಯಲ್ಲಿ, ಒಂದೇ ಅಂತರದಲ್ಲಿ. ಒಂದೇ ತಂತಿಯ ಎರಡು ತುದಿಯಿಂದ ಹತ್ತಿರದ ಎರಡು ಗೆಲ್ಲು ಸುತ್ತಿದರೆ ಒಂದಕ್ಕೊಂದು ಆಧಾರ. ಬಗ್ಗಿಸುವಾಗ ಬಾಗಿನ ಹೊರಮೈಗೆ ತಂತಿ ಬರುವಂತೆ ಇರಲಿ. ಸಿಗಿಯುವುದಿದ್ದರೆ ಅಲ್ಲೇ ಮೊದಲು ಸಿಗಿಯುವುದು. ಎರಡೂ ಹೆಬ್ಬೆರಳು ಬಾಗಿಗೆ ಒತ್ತಿ ನಿಧಾನ ಬಗ್ಗಿಸಿ. ‘ಕಿರ್’ ಎಂದರೆ ಅಲ್ಲಿಗೆ ನಿಲ್ಲಿಸಿ.

ಗೆಲ್ಲುಗಳನ್ನು ಸ್ವಲ್ಪ ಕೆಳಕ್ಕೆ ಇಳಿಸುತ್ತಾರೆ. ಮುದಿ ಮರದ ಗೆಲ್ಲು ತನ್ನ ಭಾರಕ್ಕೆ ತಾನೇ ಜಗ್ಗಿರುತ್ತದಲ್ಲ, ಆ ನೋಟಕ್ಕೆ. ಜತೆಗೆ ಹಂತ ಹಂತದ ನಡುವೆ ಬಿಸಿಲಿಗೆ ದಾರಿಯಾಗುತ್ತದೆ.

ಬೇಸಿಗೆ ಬಂದು ಗೆಲ್ಲು ದಪ್ಪವಾಗತೊಡಗಿದಾಗ ತಂತಿ ತೊಗಟೆಯೊಳಗೆ ಕಚ್ಚುತ್ತದೆ. ಮೇ ತಿಂಗಳಿನಿಂದ ವಾರಕ್ಕೊಮ್ಮೆ ನೋಡುತ್ತಿರಬೇಕು. ತೆಗೆಯುವಾಗ ಬಿಚ್ಚುವುದಲ್ಲ, ಸುತ್ತು ಸುತ್ತನ್ನು ಕತ್ತರಿಸಿ ತೆಗೆಯುವುದು. ತಂತಿ ಉಳಿಸಲು ಹೋಗಿ ಗೆಲ್ಲು ಮುರಿದುಕೊಳ್ಳಬಾರದು.

ಕೆಲಸ ಮುಗಿದ ಮರವನ್ನು ಹಿಮಗಾಳಿ ಬೀಸದ ಮರೆಯಲ್ಲಿಡುತ್ತಾರೆ. ಆದರೆ ಮನೆಯೊಳಗೆ ಅಲ್ಲ. ಪೈನಿಗೆ ಬಿಸಿಲೂ ಬೇಕು, ಚಳಿಯ ನಿದ್ದೆಯೂ ಬೇಕು. ಒಳಗಿಟ್ಟರೆ ನಿಧಾನ ಸಾಯುತ್ತದೆ. ಚಳಿಗಾಲವೆಂದು ನೀರು ಮರೆಯುವಂತಿಲ್ಲ. ಮಣ್ಣಿನ ಮೇಲ್ಪದರ ಒಣಗಿದಾಗ, ಬೆಳಗ್ಗಿನ ಹೊತ್ತು.

ಉಳಿದ ತಿಂಗಳುಗಳಲ್ಲಿ

ಚಳಿಗಾಲದ ಕೆಲಸ ಒಂಟಿಯಲ್ಲ. ವರ್ಷದ ಸರಪಳಿಯ ಒಂದು ಕೊಂಡಿ.

ಮಾರ್ಚ್: ಕುಂಡ ಬದಲಾವಣೆ, ಬೇರು ಸವರುವುದು. ಬೇರಿನ ನಡುವೆ ಬೆಳ್ಳಗೆ ಬೂಸಲಿನಂಥದ್ದು ಕಂಡರೆ ಹೆದರಬೇಡಿ. ಅದು ಪೈನಿಗೆ ನೀರು, ಪೋಷಕ ಹೀರಿ ಕೊಡುವ ಸ್ನೇಹಿತ ಶಿಲೀಂಧ್ರ. ಅದಿರುವ ಹಳೆ ಮಣ್ಣನ್ನು ಒಂದಷ್ಟು ಹೊಸ ಕುಂಡಕ್ಕೂ ಸೇರಿಸುತ್ತಾರೆ.

ಏಪ್ರಿಲ್-ಮೇ: ಮೇಣದ ಬತ್ತಿ ನಿಲ್ಲಿಸಿದ ಹಾಗೆ ಹೊಸ ಕುಡಿ ಏಳುತ್ತದೆ. ಆಗ ಹಿಂಡಿ ಗೊಬ್ಬರ. ನಮ್ಮ ನೆಲಗಡಲೆ ಹಿಂಡಿಯ ಹಾಗೆ ಅಲ್ಲಿ ಸಾಸಿವೆ ಜಾತಿಯ ಎಣ್ಣೆಕಾಳಿನ ಹಿಂಡಿಯನ್ನು ಉಂಡೆ ಮಾಡಿ ಕುಂಡದ ಮೇಲೆ ಇಡುತ್ತಾರೆ.

ಜೂನ್ ಕೊನೆ-ಜುಲೈ ಆರಂಭ: ಆ ಹೊಸ ಕುಡಿಗಳನ್ನು ಬುಡದಿಂದ ಕತ್ತರಿಸುತ್ತಾರೆ. ಆಗ ಅಲ್ಲೇ ಎರಡನೆಯ ಚಿಗುರು ಬರುತ್ತದೆ. ಚಳಿ ಬರುವವರೆಗೆ ಸಿಗುವ ಸಮಯ ಕಮ್ಮಿಯಾದ್ದರಿಂದ ಅದರ ಸೂಜಿ ಗಿಡ್ಡ. ಪುಟ್ಟ ಮರಕ್ಕೆ ಪುಟ್ಟ ಎಲೆ ಬರುವ ಗುಟ್ಟು ಇದೇ. ಚೆನ್ನಾಗಿ ಉಂಡ, ಗಟ್ಟಿ ಮರಕ್ಕೆ ಮಾತ್ರ ಈ ಕೆಲಸ. ಐದೆಲೆಯ ಗೊಯೊಮಾತ್ಸುವಿಗೆ ಮಾಡುವಂತಿಲ್ಲ.

ಸೆಪ್ಟೆಂಬರ್-ಅಕ್ಟೋಬರ್: ಗುಂಪು ಚಿಗುರನ್ನು ಎರಡಕ್ಕೆ ಇಳಿಸಲು ಶುರು, ಮತ್ತೊಮ್ಮೆ ಹಿಂಡಿ. ಅಲ್ಲಿಂದ ಮತ್ತೆ ಚಳಿಗಾಲ.

ಒಂದು ಮರಕ್ಕೆ ಒಂದೇ ವರ್ಷದಲ್ಲಿ ಬೇರು ಕಡಿಯುವುದು, ದಪ್ಪ ಗೆಲ್ಲು ತೆಗೆಯುವುದು, ಕುಡಿ ಕತ್ತರಿಸುವುದು ಮೂರನ್ನೂ ಮಾಡುವುದಿಲ್ಲ. ಒಂದು ದೊಡ್ಡ ಪೆಟ್ಟು, ಆಮೇಲೆ ಸುಧಾರಿಸಲು ಸಮಯ.

ಬಲಿ ಕೊಡಲೆಂದೇ ಬೆಳೆಸುವ ಗೆಲ್ಲು

ಗದ್ದೆಯಲ್ಲಿ ಕಂಡ ಇನ್ನೊಂದು ಉಪಾಯ. ಸಸಿ ಒಂದೆರಡು ವರ್ಷದ್ದಿರುವಾಗಲೇ ತಂತಿ ಸುತ್ತಿ ಕಾಂಡಕ್ಕೆ ಬಾಗು ಕೊಟ್ಟು ನೆಡುತ್ತಾರೆ. ಕೆಳಗೆ ಒಂದಡಿಯ ಬೋನ್ಸಾಯ್ ರೂಪುಗೊಳ್ಳುತ್ತಿದ್ದರೆ, ಅದರ ನೆತ್ತಿಯಿಂದ ಆಳೆತ್ತರದ ಕುಡಿಯೊಂದು ಮೇಲೆ ಹೋಗಿರುತ್ತದೆ. ‘ಇದನ್ನು ಯಾಕೆ ಬಿಟ್ಟಿದ್ದೀರಿ?’ ಎಂದೆ. ಅಜ್ಜ ಬುಡದ ದಪ್ಪ ತೋರಿಸಿದರು. ಮೇಲೆ ಸೊಪ್ಪು ಹೆಚ್ಚಿದ್ದಷ್ಟು ಬುಡ ದಪ್ಪ. ಬೇಕಾದ ದಪ್ಪ ಬಂದ ಮೇಲೆ ಆ ಉದ್ದ ಕುಡಿಯನ್ನು ಕಡಿದು ಬಿಸಾಡುತ್ತಾರೆ. ಕುಂಡದಲ್ಲಿ 30 ವರ್ಷವಾದರೂ ಬಾರದ ಬುಡ ಗದ್ದೆಯಲ್ಲಿ ಬೇಗ ಬರುತ್ತದೆ. ಅಷ್ಟೂ ಕಾಲ ಕೆಳಗಿನ ಸಣ್ಣ ಗೆಲ್ಲುಗಳಿಗೆ ನೆರಳಾಗದಂತೆ ಆ ಕುಡಿಯ ಬುಡವನ್ನು ಬೋಳಾಗಿ ಇಡುತ್ತಾರೆ, ಸೊಪ್ಪು ತುದಿಯಲ್ಲಿ ಮಾತ್ರ.

ಹೊಟ್ಟೆಪಾಡಿನ ಲೆಕ್ಕ

20, 30 ವರ್ಷ ಕಾಯುವ ಬೆಳೆ ಸಣ್ಣ ರೈತನಿಗೆ ಹೇಗೆ ಕಟ್ಟುತ್ತದೆ? ಉತ್ತರ ಗದ್ದೆಯಲ್ಲೇ ಇದೆ. ಎಲ್ಲಾ ವಯಸ್ಸಿನ ಗಿಡ ಒಟ್ಟಿಗೆ ಇರುತ್ತದೆ. ಮೂರು ನಾಲ್ಕು ವರ್ಷದ ಸಸಿ ಈ ವರ್ಷದ ಖರ್ಚಿಗೆ, ಹತ್ತು ಹದಿನೈದರದ್ದು ಕೈಗೆ ಸ್ವಲ್ಪ ಗಂಟಿಗೆ, ಅಪ್ಪ ನೆಟ್ಟದ್ದು ದೊಡ್ಡ ಅಗತ್ಯಕ್ಕೆ. ಮಾರಿದಷ್ಟು ಬೀಜ ಮತ್ತೆ ಬೀಳಲೇಬೇಕು.

ಹೊರದೇಶದ ಬೇಡಿಕೆ ಹೆಚ್ಚುತ್ತಿದೆ. ಯುರೋಪ್ ಒಕ್ಕೂಟ ಬಹಳ ಕಾಲ ತಡೆದಿದ್ದ ಜಪಾನಿನ ಕರಿ ಪೈನ್ ಬೋನ್ಸಾಯ್‌ಗೆ 2020ರಲ್ಲಿ, ಕೀಟ-ರೋಗ ತಪಾಸಣೆಯ ಷರತ್ತಿನ ಮೇಲೆ, ಬಾಗಿಲು ತೆರೆಯಿತು. ಆದರೆ ಬೆಳೆಗಾರರ ಕೈ ಕಮ್ಮಿಯಾಗುತ್ತಿದೆ. ಮಕ್ಕಳು ಪೇಟೆಯ ನೌಕರಿಗೆ. ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜನ ಮಗನೂ ಬೇರೆ ಊರಿನಲ್ಲಿ ಕೆಲಸದಲ್ಲಿದ್ದರು. ಆದರೂ ಆ ವಸಂತಕ್ಕೆಂದು ಬೀಜದ ಮಡಿ ತಯಾರಿತ್ತು. ಯಾರಿಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರೇ ಒಂದು ದಿನ ಹೇಳಿದರು: ‘ನಾನು ಇವತ್ತು ಸವರುವ ಮರ ನಾನು ನೆಟ್ಟದ್ದಲ್ಲ.’

ಪೈನ್ ಬೋನ್ಸಾಯ್ ಎಷ್ಟು ಕಾಲ ಬಾಳಬಹುದು ಎಂಬುದಕ್ಕೆ ಒಂದು ಸಾಕ್ಷಿ ವಾಷಿಂಗ್ಟನ್‌ನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿದೆ. 1625ರಿಂದ ಕತ್ತರಿ ಕಂಡ ಐದೆಲೆ ಪೈನ್ ಅದು. 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ಬಾಂಬು ಬಿದ್ದ ಜಾಗದಿಂದ ಸುಮಾರು 3 ಕಿ.ಮೀ. ದೂರದ ಯಾಮಾಕಿ ಮನೆತನದ ಸಸ್ಯಾಗಾರದಲ್ಲಿತ್ತು, ಉಳಿಯಿತು. 1976ರಲ್ಲಿ ಮಸಾರು ಯಾಮಾಕಿ ಅದನ್ನು ಅಮೆರಿಕಕ್ಕೆ ಕೊಡುಗೆಯಾಗಿ ಕೊಟ್ಟರು. 2001ರಲ್ಲಿ ಅವರ ಮೊಮ್ಮಕ್ಕಳು ನೋಡಲು ಹೋದಾಗಲಷ್ಟೇ ಬಾಂಬಿನ ಕಥೆ ಅಲ್ಲಿನವರಿಗೆ ತಿಳಿದದ್ದು. ಎಷ್ಟು ತಲೆಮಾರಿನ ಕೈ ಅದರ ಮೇಲೆ ಓಡಿರಬೇಕು!

ನಮ್ಮಲ್ಲಿ?

ಕರಿ ಪೈನ್ ತಂದು ಕರಾವಳಿಯಲ್ಲಿ ನೆಡಿ ಎಂದು ನಾನು ಹೇಳುವುದಿಲ್ಲ. ಚಳಿಯ ನಿದ್ದೆ ಇಲ್ಲಿ ಸಿಗದು; ನಮ್ಮ ಮಳೆಗಾಲ ಕುಂಡದ ಪೈನಿನ ಬೇರಿಗೆ ಆಗದು. ಹೊರದೇಶದಿಂದ ಗಿಡ ತರಲು ಪರವಾನಗಿ, ತಪಾಸಣೆ ಎಲ್ಲ ಬೇಕು, ಮಣ್ಣು ತರುವಂತೆಯೇ ಇಲ್ಲ. ಅದು ಇರಬೇಕಾದ ನಿಯಮವೇ. ಜಪಾನಿನಲ್ಲಿ ಪೈನ್ ಕಾಡುಗಳನ್ನು ಒಣಗಿಸಿದ ಜಂತುಹುಳ ಹೊರಗಿನಿಂದ, ಉತ್ತರ ಅಮೆರಿಕದಿಂದ ಬಂದದ್ದು.

ಕೈ ಅಭ್ಯಾಸಕ್ಕೆ ನಮ್ಮ ಗಾಳಿಮರ ಇದೆ. ತೈವಾನ್, ಇಂಡೊನೇಷ್ಯಾಗಳಲ್ಲಿ ಅದರಿಂದ ಪೈನ್ ನೋಟದ ಒಳ್ಳೆ ಬೋನ್ಸಾಯ್ ಮಾಡುತ್ತಾರೆ. ಆದರೆ ಅದು ಪೈನ್ ಅಲ್ಲ. ಸೂಜಿಯಂತೆ ಕಾಣುವುದು ಗೆಣ್ಣು ಗೆಣ್ಣಿನ ಸಪೂರ ಗೆಲ್ಲು, ಎಲೆಯಲ್ಲ. ಆದ್ದರಿಂದ ಮೇಲೆ ಹೇಳಿದ ಸೂಜಿಯ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ತಂತಿ ಮತ್ತು ಬೆಳಕಿನ ಲೆಕ್ಕ ಹೊಂದುತ್ತದೆ. ಒಂದು ಗೆಲ್ಲಿನ ಹಸಿರೆಲ್ಲ ತೆಗೆದರೆ ಒಣಗುವ ಭಯ ಅದಕ್ಕೂ ಇದೆ. ಬೋನ್ಸಾಯ್ ಕಣ್ಣಾರೆ ನೋಡಬೇಕೆಂದಿದ್ದರೆ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೆ ಹೋಗಿ ಬನ್ನಿ.

ನಾನು ಊರಿಗೆ ತಂದದ್ದು ಗಿಡವಲ್ಲ, ಕ್ರಮ. ಈಗ ಕೊಕ್ಕೊ ಸವರುವ ಮೊದಲು ಸಾಲಿನುದ್ದಕ್ಕೆ ಕತ್ತಿ ಇಲ್ಲದೆ ಒಮ್ಮೆ ನಡೆಯುತ್ತೇನೆ. ಕೊಕ್ಕೊ ಹಳೆ ಕಾಂಡದಿಂದಲೂ ಚಿಗುರುವ ಗಿಡ. ಪೈನಿನಷ್ಟು ಭಯ ಇಲ್ಲ. ಆದರೂ ನೆತ್ತಿಯ ದಟ್ಟಣೆ ಮೊದಲು, ಕೆಳಗಿನದು ಕೊನೆಗೆ. ಒಳಗೆ ಬಿಸಿಲಿನ ಚುಕ್ಕೆ ನೆಲಕ್ಕೆ ಬಿದ್ದರೆ ಸಾಕು, ನಿಲ್ಲಿಸುತ್ತೇನೆ.

ನೆನಪಿಡಲು ನಾಲ್ಕು ಮಾತು

ಯಾವ ಮರವೇ ಇರಲಿ, ಅದು ಎಲ್ಲಿಂದ ಚಿಗುರುತ್ತದೆ ಎಂದು ಗೊತ್ತಿಲ್ಲದೆ ಕತ್ತಿ ಹಾಕಬೇಡಿ.
ಬಲ ಇದ್ದಲ್ಲಿ ತೆಗೆಯಿರಿ, ಸೊರಗಿದಲ್ಲಿ ಬಿಡಿ.
ಒಂದು ವರ್ಷಕ್ಕೆ ಒಂದೇ ದೊಡ್ಡ ಗಾಯ.
ಕಡಿದ ಮೇಲೆ ಏನು ಹೋಯಿತು ಎಂದಲ್ಲ, ಬೆಳಕು ಎಲ್ಲಿಗೆ ತಲುಪಿತು ಎಂದು ನೋಡಿ.